ಮಿದುಳಿನ ಚಿತ್ರವೂ ಚಿತ್ತಾರವೂ

ಈಗಿನ ಕಾಲದಲ್ಲಿ ಪಟ್ಟಣದ ಆಸ್ಪತ್ರೆಗಳಿಗೆ ಹೋಗಿ ಬರುವವರು ಔಷಧದ ಚೀಟಿಯೊಂದಿಗೆ ಅಗಲವಾದ ಕರಿಯ ಹಾಳೆಯೊಂದನ್ನೂ ಮನೆಗೆ ತರುವುದುಂಟು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ಅಕ್ರೋಟಿನ ಹೋಳುಗಳನ್ನು ಸಾಲಾಗಿ ಜೋಡಿಸಿದಂತೆ ಬೂದುಬಣ್ಣದ ಹತ್ತಿಪ್ಪತ್ತು ಚಿತ್ರಗಳು ತೋರುವುವು. ಅವು ಆ ರೋಗಿಯ ಮಿದುಳಿನ ಚಿತ್ರಗಳು. ವೈದ್ಯರು ಅವುಗಳಲ್ಲಿ ತಮಗೆ ಬೇಕಾದುದನ್ನು ಓದಿಕೊಂಡು ಎರಡು ಮಾತು ಹೇಳಿ ಕಳುಹಿಸುವರು. ಮನೆಯವರು ಹಾಳೆಯನ್ನು ಲಕೋಟೆಯೊಳಗೆ ಸೇರಿಸಿ ಬೀರುವಿನ ಮೇಲೆ ಇಡುವರು. ಮತ್ತೆ ಅದನ್ನು ತೆಗೆದು ನೋಡಲು ಯಾರಿಗೂ ಮನಸ್ಸು ಬಾರದು. ಅದರಲ್ಲಿ ಭಯವಿದೆ, ಅದು ನಮ್ಮದೆಂಬ ಭಾವವಿಲ್ಲ.

ಇಂಥ ಹಾಳೆಗಳನ್ನೇ ಮುಂದಿಟ್ಟುಕೊಂಡು ಚಿತ್ರ ಬರೆದವರೂ, ತಗಡಿನ ಮೇಲೆ ಕೊರೆದು ಅಚ್ಚು ತೆಗೆದವರೂ, ಕೌದಿ ಹೊಲಿದವರೂ, ನೂಲಿನಲ್ಲಿ ಹೆಣೆದವರೂ ಪರದೇಶಗಳಲ್ಲಿ ಕೆಲವರಿರುವರು. ಅವರಲ್ಲಿ ಸ್ತ್ರೀಯರು ಅನೇಕರು. ಅವರು ಮಾಡಿದುದೇನು, ಅದಕ್ಕೆ ಆಧಾರವಾದ ಶಾಸ್ತ್ರವೇನು ಎಂಬುದನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಆದಷ್ಟು ಸುಲಭವಾಗಿ ತಿಳಿಸಬೇಕೆಂಬುದು ಈ ಲೇಖನದ ಉದ್ದೇಶ. ಚಿತ್ತಾರದ ಮಾತಿಗೆ ಬರುವುದಕ್ಕೆ ಮೊದಲು ಚಿತ್ರದ ಮಾತನ್ನು ತಿಳಿಯಬೇಕು. ಯಾಕಂದರೆ ಮದುವೆಯಲ್ಲಿ ತೆಗೆಯಿಸುವ ಭಾವಚಿತ್ರದ ಹಾಗೆ ಮಿದುಳಿನ ಚಿತ್ರವನ್ನು ತೆಗೆಯಲು ಬರುವುದಿಲ್ಲ, ಅದನ್ನು ಮಾಡಬೇಕಾಗುತ್ತದೆ. ಮಾಡುವುದೆಂದ ಮೇಲೆ ಮಾಡುವವನ ಆಯ್ಕೆಯೂ ಅದರಲ್ಲಿ ಸೇರಿಯೇ ಇರುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ತಿಳಿಯುವುದು.

ಹೃದಯವನ್ನು ಕೊಯ್ದು ನೋಡಿದರೆ ಕೋಣೆಗಳೂ ಬಾಗಿಲುಗಳೂ ಕಾಣುವುವು. ಅದು ಏನು ಕೆಲಸ ಮಾಡುವುದೆಂದು ಊಹಿಸಬಹುದು. ಮಿದುಳನ್ನು ಕೊಯ್ದರೆ, ಗಿಣ್ಣಿನಂತೆ ಮೆತ್ತಗಿರುವ, ಹೊರಗೆ ಬೂದು, ಒಳಗೆ ಬಿಳುಪಾದ ಮುದ್ದೆಯೊಂದು ಕಾಣುವುದೇ ಹೊರತು ಅದರ ಕೆಲಸದ ಸುಳಿವು ಸಿಕ್ಕದು. ಸುಮಾರು 1,400 ಗ್ರಾಂ ತೂಕದ ಈ ಮುದ್ದೆಯಲ್ಲಿ ಸುಮಾರು 8,600 ಕೋಟಿ ನರಕೋಶಗಳಿರುವುವೆಂದು ಈಗಿನ ಎಣಿಕೆ. ತೆಳುವಾದ ಒಂದು ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎಲ್ಲವೂ ಪಾರದರ್ಶಕವಾಗಿ ಏನೂ ಕಾಣದು. ಎಲ್ಲಕ್ಕೂ ಬಣ್ಣ ಕೊಟ್ಟರೆ ಲಂಟಾನದ ಪೊದೆಯೊಳಗೆ ಹೊಕ್ಕಂತಾಗಿ ಆಗಲೂ ಏನೂ ಕಾಣದು.

1873ನೆಯ ಇಸವಿಯಲ್ಲಿ ಇಟಲಿಯ ಅಬ್ಬಿಯಾತೆಗ್ರಾಸ್ಸೊ ಎಂಬ ಊರಿನಲ್ಲಿ, ವಾಸಿಯಾಗದ ರೋಗಿಗಳ ಆಸ್ಪತ್ರೆಯೊಂದರ ವೈದ್ಯನಾಗಿದ್ದ ಕಮಿಲ್ಲೊ ಗೋಲ್ಜಿ ಎಂಬಾತನು ಅಡಿಗೆಮನೆಯೊಂದನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು ಈ ತೊಡಕಿಗೆ ಒಂದು ಉಪಾಯವನ್ನು ಕಂಡುಹಿಡಿದನು. ಮಿದುಳಿನ ಚೂರನ್ನು ಪೊಟ್ಯಾಸಿಯಂ ಡೈಕ್ರೋಮೇಟಿನ ದ್ರಾವಣದಲ್ಲಿ ನೆನೆಯಿಸಿ, ಆಮೇಲೆ ಬೆಳ್ಳಿಯ ನೈಟ್ರೇಟಿನಲ್ಲಿ ಇಟ್ಟರೆ, ನೂರಾರು ಕೋಶಗಳಲ್ಲಿ ಕೆಲವೇ ಕೆಲವು ಮಾತ್ರ ಬುಡದಿಂದ ತುದಿಯವರೆಗೆ ಕಪ್ಪಾಗುವುವು. ಉಳಿದವು ಹಾಗೆಯೇ ಹಳದಿಯ ಹಿನ್ನೆಲೆಯಲ್ಲಿ ಮರೆಯಾಗುವುವು. ಬೇಸಗೆಯ ಆಕಾಶಕ್ಕೆ ಎದುರಾಗಿ ನಿಂತ ಬರಲು ಮರದಂತೆ ಒಂದೊಂದು ಕೋಶವೂ ತನ್ನ ಕೊಂಬೆರೆಂಬೆಗಳೊಡನೆ ಬೇರೆಯಾಗಿ ಕಾಣುವುದು.

ಈ ಉಪಾಯವನ್ನು ಕಂಡುಹಿಡಿದವನಿಗಿಂತಲೂ ಅದರಿಂದ ಹೆಚ್ಚಿನ ಫಲ ಪಡೆದವನು ಸ್ಪೇನ್ ದೇಶದ ಸಾಂತಿಯಾಗೊ ರಮೋನ್ ಇ ಕಹಾಲ್. ಈತನು 1852ರಲ್ಲಿ ಹುಟ್ಟಿದನು. ಬಾಲ್ಯದಿಂದಲೂ ಚಿತ್ರ ಬರೆಯುವ ಹುಚ್ಚು. ವೈದ್ಯನಾಗಿದ್ದ ತಂದೆಗೆ ಅದು ಸರಿಬೀಳದೆ, ಮಗನಿಗೆ ಬುದ್ಧಿ ಬರಲೆಂದು ಒಮ್ಮೆ ಕ್ಷೌರಿಕನ ಬಳಿಯಲ್ಲಿಯೂ ಇನ್ನೊಮ್ಮೆ ಚಮ್ಮಾರನ ಬಳಿಯಲ್ಲಿಯೂ ಕೆಲಸಕ್ಕೆ ಹಚ್ಚಿದನು. ಕಡೆಗೆ ತಂದೆಯೇ ಹಟ ಬಿಟ್ಟು ಒಂದು ಜಾಣತನ ಮಾಡಿದನು: ಮಗನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ದೊರೆತ ಎಲುಬುಗಳನ್ನು ತೋರಿಸಿ ಅವುಗಳ ಚಿತ್ರ ಬರೆಯಿಸಿದನು. ಚಿತ್ರದ ದಾರಿಯಿಂದಲೇ ಹುಡುಗನು ವೈದ್ಯಶಾಸ್ತ್ರಕ್ಕೆ ಬಂದನು. ಮಕ್ಕಳ ಅಭಿರುಚಿಯ ವಿಷಯದಲ್ಲಿ ಚಿಂತೆಪಡುವ ತಂದೆಗಳು ಈ ವೃತ್ತಾಂತವನ್ನು ಎರಡು ಸಲ ಓದಿದರೂ ನಷ್ಟವಿಲ್ಲ.

1887ರಲ್ಲಿ ಕಹಾಲನು ಮ್ಯಾಡ್ರಿಡಿನಲ್ಲಿ ಮಿತ್ರನೊಬ್ಬನ ಬಳಿ ಗೋಲ್ಜಿಯ ರೀತಿಯಲ್ಲಿ ಕಪ್ಪುಮಾಡಿದ ಚೂರುಗಳನ್ನು ನೋಡಿದನು. ಮರುವರ್ಷವೇ ಬಾರ್ಸಿಲೋನದಲ್ಲಿ ತನ್ನ ಮುಖ್ಯ ಶೋಧಗಳನ್ನು ಮಾಡಿದನು. ನರಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡ ಒಂದೇ ಬಲೆ ಎಂದು ಗೋಲ್ಜಿಯ ಮತ. ಹಾಗಲ್ಲ, ಪ್ರತಿಯೊಂದು ಕೋಶವೂ ಬೇರೆ ಬೇರೆ. ಒಂದರ ತುದಿ ಇನ್ನೊಂದರ ಹತ್ತಿರ ಬಂದು ನಿಲ್ಲುವುದು, ಆದರೆ ಕೂಡಿಹೋಗುವುದಿಲ್ಲ ಎಂದು ಕಹಾಲನ ಮತ. 1906ರಲ್ಲಿ ಇಬ್ಬರಿಗೂ ಕೂಡಿಯೇ ನೊಬೆಲ್ ಬಹುಮಾನ ಬಂದಿತು. ಬಹುಮಾನದ ಭಾಷಣದಲ್ಲಿಯೂ ಗೋಲ್ಜಿಯು ಕಹಾಲನ ಮತವನ್ನು ಖಂಡಿಸದೆ ಬಿಡಲಿಲ್ಲ. ಕಾಲವು ಕಹಾಲನ ಪಕ್ಷವನ್ನೇ ಎತ್ತಿಹಿಡಿದಿದೆ.

ಇಬ್ಬರೂ ನೋಡಿದುದು ಒಂದೇ ಬಗೆಯ ಚೂರುಗಳನ್ನು. ಆದರೆ ಕಹಾಲನು ಕಣ್ಣಿಗೆ ಕಂಡುದನ್ನೆಲ್ಲ ನಕಲುಮಾಡುತ್ತಿರಲಿಲ್ಲ. ಹಲವು ಚೂರುಗಳಲ್ಲಿ ಕಂಡುದನ್ನು ಮನಸ್ಸಿನಲ್ಲಿ ಕೂಡಿಸಿ, ಬೇಡವಾದುದನ್ನು ಬಿಟ್ಟು, ಒಂದೇ ಚಿತ್ರದಲ್ಲಿ ಮಸಿಯಿಂದ ಬರೆಯುತ್ತಿದ್ದನು. ಅನೇಕ ಚಿತ್ರಗಳಲ್ಲಿ ಸಣ್ಣ ಸಣ್ಣ ಬಾಣದ ಗುರುತುಗಳಿವೆ: ಸಂದೇಶವು ಈ ಕೊಂಬೆಯಿಂದ ಒಳಗೆ ಬಂದು ಆ ತಂತುವಿನಿಂದ ಹೊರಗೆ ಹೋಗುವುದೆಂದು ಅವುಗಳ ಅರ್ಥ. ಸತ್ತ ಮಿದುಳಿನ ಚೂರಿನಲ್ಲಿ ಸಂದೇಶವು ಹರಿಯುವುದನ್ನು ಯಾರು ನೋಡಬಲ್ಲರು? ಆ ಬಾಣಗಳು ಸೂಕ್ಷ್ಮದರ್ಶಕದಲ್ಲಿ ಇರಲಿಲ್ಲ; ಕಹಾಲನ ಯೋಚನೆಯಲ್ಲಿದ್ದುವು. ಮುಂದೆ ಬಂದ ಪ್ರಯೋಗಗಳು ಅವು ಬಹುಮಟ್ಟಿಗೆ ಸರಿಯೆಂದು ತೋರಿಸಿದುವು. 1934ರಲ್ಲಿ ತೀರಿಕೊಂಡ ಈತನು ಸುಮಾರು 2,900 ಚಿತ್ರಗಳನ್ನು ಬಿಟ್ಟುಹೋದನು. 2017ರಿಂದ ಅವುಗಳಲ್ಲಿ ಆಯ್ದ ಕೆಲವನ್ನು ಅಮೆರಿಕದ ಚಿತ್ರಶಾಲೆಗಳಲ್ಲಿ ಪ್ರದರ್ಶನಕ್ಕಿಟ್ಟಾಗ, ಮಿದುಳಿನ ವಿಷಯವೇನೂ ತಿಳಿಯದ ಜನರೂ ಚಿತ್ರಗಳೆಂದೇ ನೋಡಿ ಸಂತೋಷಪಟ್ಟರು.

ಸತ್ತವರ ಮಿದುಳಿನ ಮಾತು ಹೀಗಾಯಿತು. ಬದುಕಿರುವವರ ತಲೆಯೊಳಗನ್ನು ಕತ್ತಿಯಿಲ್ಲದೆ ನೋಡುವ ಯಂತ್ರವು ಬಂದುದು ಬಹಳ ತಡವಾಗಿ. ಎಂ.ಆರ್.ಐ. ಎಂದು ಜನರು ಕರೆಯುವ ಈ ವಿಧಾನಕ್ಕೆ 1973ರಲ್ಲಿ ಅಮೆರಿಕದ ಪಾಲ್ ಲಾಟರ್‌ಬರ್ ದಾರಿ ತೋರಿಸಿದರು. ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡರು ಅದನ್ನು ಬೆಳೆಯಿಸಿದರು. 2003ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ದೊರೆಯಿತು. ಇದರಲ್ಲಿ ಕ್ಷ-ಕಿರಣಗಳಿಲ್ಲ. ನಮ್ಮ ದೇಹದ ಹೆಚ್ಚುಪಾಲು ನೀರು. ನೀರಿನ ಪ್ರತಿಯೊಂದು ಅಣುವಿನಲ್ಲಿಯೂ ಜಲಜನಕದ ಎರಡು ಪರಮಾಣುಗಳುಂಟು. ಅವುಗಳ ನಡುವಣ ಬೀಜವು ಒಂದು ಪುಟ್ಟ ಸೂಜಿಗಲ್ಲಿನಂತೆ ವರ್ತಿಸುವುದು. ಭೂಮಿಯ ಅಯಸ್ಕಾಂತ ಶಕ್ತಿಗಿಂತ ಹತ್ತಾರು ಸಾವಿರ ಮಡಿ ಬಲವಾದ ಅಯಸ್ಕಾಂತದೊಳಗೆ ರೋಗಿಯನ್ನು ಮಲಗಿಸಿದರೆ, ಈ ಪುಟ್ಟ ಸೂಜಿಗಲ್ಲುಗಳು ತುಸು ಒಂದೇ ಕಡೆಗೆ ಒಲಿಯುವುವು. ಆಗ ರೇಡಿಯೋ ಅಲೆಯೊಂದನ್ನು ಕಳುಹಿಸಿ ಅವುಗಳನ್ನು ಓರೆಮಾಡುವರು. ಅಲೆಯು ನಿಂತ ಕೂಡಲೇ ಅವು ಮೊದಲಿನ ನಿಲುವಿಗೆ ಮರಳುತ್ತ, ತಾವೂ ಬಹು ಕ್ಷೀಣವಾದ ಒಂದು ರೇಡಿಯೋ ದನಿಯನ್ನು ಕೊಡುವುವು. ಬೂದು ಭಾಗ, ಬಿಳಿಯ ಭಾಗ, ಮಿದುಳಿನ ಸುತ್ತಣ ನೀರು ಇವು ಮರಳುವ ವೇಗದಲ್ಲಿ ವ್ಯತ್ಯಾಸವಿರುವುದರಿಂದ ಒಂದನ್ನು ಇನ್ನೊಂದರಿಂದ ಬೇರ್ಪಡಿಸಬಹುದು. ಯಾವ ದನಿ ಯಾವ ಸ್ಥಳದಿಂದ ಬಂದಿತೆಂದು ತಿಳಿಯುವುದಕ್ಕಾಗಿ ಅಯಸ್ಕಾಂತದ ಬಲವನ್ನು ಸ್ಥಳದಿಂದ ಸ್ಥಳಕ್ಕೆ ಬದಲಾಯಿಸುತ್ತಿರುವರು. ಒಳಗೆ ಮಲಗಿದವರನ್ನು ಹೆದರಿಸುವ ಆ ಬಡಿತದ ಸದ್ದು ಇದರಿಂದಲೇ ಹುಟ್ಟುವುದು.

ಕಡೆಗೆ ಯಂತ್ರದಿಂದ ಹೊರಬರುವುದು ಅಂಕೆಗಳ ರಾಶಿ. ತಲೆಯನ್ನು ಸಕ್ಕರೆಯ ಹರಳಿನಷ್ಟು ಸಣ್ಣ ಪೆಟ್ಟಿಗೆಗಳಾಗಿ ವಿಂಗಡಿಸಿ, ಪೆಟ್ಟಿಗೆಗೊಂದು ಅಂಕೆಯಂತೆ ಗಣಕಯಂತ್ರವು ಲೆಕ್ಕಮಾಡಿರುತ್ತದೆ. ಆ ಅಂಕೆಗಳಿಗೆ ಕಪ್ಪು, ಬೂದು, ಬಿಳಿಯ ಛಾಯೆಗಳನ್ನು ಕೊಟ್ಟವರು ಮನುಷ್ಯರು. ಮನೆಯಲ್ಲಿ ಅಂಥ ಹಾಳೆಯಿದ್ದವರು ತೆಗೆದು ನೋಡಿರಿ: ಒಂದು ಸಾಲಿನ ಚಿತ್ರಗಳಲ್ಲಿ ಮಿದುಳಿನ ನಡುವಣ ನೀರಿನ ಕೊಳಗಳು ಕಪ್ಪಾಗಿಯೂ, ಇನ್ನೊಂದು ಸಾಲಿನಲ್ಲಿ ಅವೇ ಕೊಳಗಳು ಬೆಳ್ಳಗೆಯೂ ಇರುವುವು. ಮಿದುಳು ಅದೇ, ದನಿಯನ್ನು ಕೇಳಿದ ಹೊತ್ತು ಬೇರೆ, ಅಷ್ಟೆ.

ವೃತ್ತಪತ್ರಿಕೆಗಳಲ್ಲಿ ಬರುವ ಬಣ್ಣದ ಚಿತ್ರಗಳ ಸಂಗತಿಯು ಇನ್ನೂ ಸೂಕ್ಷ್ಮವಾದದ್ದು. ಹಾಡು ಕೇಳಿದಾಗ ಮಿದುಳಿನ ಈ ಭಾಗ ಹೊತ್ತಿಕೊಂಡಿತು, ಸುಳ್ಳು ಹೇಳಿದಾಗ ಆ ಭಾಗ ಕೆಂಪಾಯಿತು ಎಂದು ಬರೆಯುವರಷ್ಟೆ. ಮಿದುಳಿನಲ್ಲಿ ಏನೂ ಹೊತ್ತಿಕೊಳ್ಳುವುದಿಲ್ಲ. ರಕ್ತದಲ್ಲಿ ಆಮ್ಲಜನಕವಿದ್ದಾಗ ಒಂದು ಬಗೆ, ಇಲ್ಲದಾಗ ಇನ್ನೊಂದು ಬಗೆಯಾಗಿ ಅದು ಅಯಸ್ಕಾಂತಕ್ಕೆ ಉತ್ತರಕೊಡುವುದೆಂಬ ಗುಣವನ್ನು 1990ರಲ್ಲಿ ಸೇಜಿ ಒಗಾವ ಮೊದಲಾದವರು ಮಿದುಳಿನ ಚಿತ್ರಕ್ಕೆ ಬಳಸಿಕೊಂಡರು. 1992ರಿಂದ ಮನುಷ್ಯರ ಮೇಲೆಯೂ ಪ್ರಯೋಗಗಳು ನಡೆದುವು. ಮಿದುಳಿನ ಒಂದು ಭಾಗ ಕೆಲಸಮಾಡಿದರೆ ಅಲ್ಲಿಗೆ ರಕ್ತ ಹೆಚ್ಚಾಗಿ ಹರಿಯುವುದು. ಆ ಹರಿವು ಏರುವುದಕ್ಕೆ ಐದಾರು ಸೆಕೆಂಡುಗಳಾಗುವುದು. ಆಗುವ ವ್ಯತ್ಯಾಸ ನೂರಕ್ಕೆ ಒಂದೆರಡು ಮಾತ್ರ. ಅಳೆಯುವ ಪೆಟ್ಟಿಗೆಯು ಎರಡು ಮೂರು ಮಿಲಿಮೀಟರಿನದಾದರೂ ಅದರೊಳಗೆ ಲಕ್ಷಗಟ್ಟಲೆ ಕೋಶಗಳಿರುತ್ತವೆ. ವ್ಯತ್ಯಾಸವು ಆಕಸ್ಮಿಕವಲ್ಲವೆಂದು ಲೆಕ್ಕದಿಂದ ತೋರಿದ ಪೆಟ್ಟಿಗೆಗಳಿಗೆ ಮಾತ್ರ ಕೆಂಪುಹಳದಿ ಬಣ್ಣ ಹಚ್ಚುವರು. ಎಷ್ಟರಮಟ್ಟಿಗೆ ತೋರಿದರೆ ಹಚ್ಚಬೇಕು ಎಂಬ ಗೆರೆಯನ್ನು ಎಳೆಯುವವರು ಸಂಶೋಧಕರೇ.

ಆ ಗೆರೆಯನ್ನು ಅಜಾಗ್ರತೆಯಿಂದ ಎಳೆದರೆ ಏನಾಗುವುದೆಂಬುದನ್ನು 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ನಗೆ ಬರುವಂತೆ ತೋರಿಸಿಕೊಟ್ಟರು. ಅವರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿ ಮಲಗಿಸಿ, ಅದಕ್ಕೆ ಮನುಷ್ಯರ ಭಾವಚಿತ್ರಗಳನ್ನು ತೋರಿಸಿ, ಇವರ ಮನಸ್ಸಿನಲ್ಲಿರುವ ಭಾವವೇನೆಂದು ಕೇಳಿದರು. ಲೆಕ್ಕವನ್ನು ಒರಟಾಗಿ ಮಾಡಿದಾಗ ಸತ್ತ ಮೀನಿನ ಮಿದುಳಿನಲ್ಲಿ ಕೆಂಪು ಚುಕ್ಕೆಗಳು ಮೂಡಿದುವು! ಒಂದು ಸಾವಿರ ಹುಡುಗಿಯರು ತಲಾ ಹತ್ತು ಸಲ ನಾಣ್ಯವನ್ನು ಚಿಮ್ಮಿದರೆ, ಹತ್ತಕ್ಕೆ ಹತ್ತು ಸಲವೂ ತಲೆಯೇ ಬೀಳುವವಳು ಒಬ್ಬಳಾದರೂ ಇರುವ ಸಂಭವವೇ ಹೆಚ್ಚು. ಅವಳ ಕೈಯಲ್ಲಿ ಮಾಟವಿದೆಯೆಂದು ಹೇಳಬಾರದಷ್ಟೆ. ಸಾವಿರಾರು ಪೆಟ್ಟಿಗೆಗಳನ್ನು ಒಟ್ಟಿಗೆ ಪರೀಕ್ಷಿಸುವಾಗಲೂ ಅದೇ ನ್ಯಾಯ. ಸರಿಯಾದ ತಿದ್ದುಪಡಿಯೊಡನೆ ಲೆಕ್ಕಮಾಡಿದಾಗ ಚುಕ್ಕೆಗಳೆಲ್ಲ ಅಳಿಸಿಹೋದುವು. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಎಂಬ ಬಹುಮಾನವು 2012ರಲ್ಲಿ ಇವರಿಗೆ ಬಂದಿತು.

ಇನ್ನೊಂದು ಬಗೆಯ ಬಣ್ಣದ ಚಿತ್ರವುಂಟು. ಕಂಡವರಿಗೆ ರೇಷ್ಮೆಯ ಕುಚ್ಚಿನಂತೆ ತೋರುವುದು. ಮಿದುಳಿನ ಬಿಳಿಯ ಭಾಗದಲ್ಲಿ ನೀರು ನರತಂತುಗಳಿಗೆ ಅಡ್ಡಲಾಗಿ ಹರಿಯುವುದಕ್ಕಿಂತ ಅವುಗಳ ಉದ್ದಕ್ಕೂ ಸುಲಭವಾಗಿ ಸರಿಯುವುದು. ಈ ಸರಿಯುವಿಕೆಯನ್ನು ಅಳೆದು ತಂತುಗಳ ಜಾಡನ್ನು ಊಹಿಸುವರು. ಎಡಬಲವಾಗಿ ಹೋಗುವ ತಂತುಗಳಿಗೆ ಕೆಂಪು, ಹಿಂದುಮುಂದಾಗಿ ಹೋಗುವುವಕ್ಕೆ ಹಸುರು, ಮೇಲುಕೆಳಗಾಗಿ ಹೋಗುವುವಕ್ಕೆ ನೀಲಿ ಎಂದು ವಿದ್ವಾಂಸರು ಒಪ್ಪಿಕೊಂಡಿರುವರು. ಭೂಪಟದಲ್ಲಿ ದೇಶಗಳಿಗೆ ಬಣ್ಣ ಕೊಟ್ಟಂತೆ ಇದೂ ಒಂದು ಏರ್ಪಾಡು.

ಇಷ್ಟನ್ನು ತಿಳಿದಮೇಲೆ ಚಿತ್ರಕಾರರ ಕೆಲಸವನ್ನು ತೂಗಿ ನೋಡಲು ನಮಗೊಂದು ತಕ್ಕಡಿ ದೊರೆತಂತಾಯಿತು. ಗಣಕಯಂತ್ರವು ಕೊಟ್ಟ ಥಳಕಿನ ಬಣ್ಣಗಳನ್ನೇ ದೊಡ್ಡದುಮಾಡಿ ಚೌಕಟ್ಟಿನಲ್ಲಿ ತೂಗುಹಾಕುವವರು ಬೇಕಾದಷ್ಟು ಮಂದಿ. ಅದರಲ್ಲಿ ಹೆಚ್ಚಿನ ಸ್ವಾರಸ್ಯವಿಲ್ಲವೆಂದು ನನ್ನ ಅಭಿಪ್ರಾಯ. ಬಣ್ಣದ ಅರ್ಥವನ್ನು ತಿಳಿದು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತಾವೇ ನಿರ್ಣಯಿಸಿದವರ ಕೃತಿಗಳೇ ನೋಡತಕ್ಕವು.

ಅಮೆರಿಕದ ಗ್ರೆಗ್ ಡನ್ ಎಂಬುವರು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ನರಶಾಸ್ತ್ರದ ಡಾಕ್ಟರ್ ಪದವಿಯನ್ನು ಪಡೆದು, ಆಮೇಲೆ ಚಿತ್ರಕಲೆಗೇ ತಮ್ಮನ್ನು ಒಪ್ಪಿಸಿಕೊಂಡವರು. ಜಪಾನಿನ ಮಸಿಚಿತ್ರಗಳಲ್ಲಿ ಕಾಣುವ ಕೊಂಬೆಗೂ ನರಕೋಶದ ಕೊಂಬೆಗೂ ಇರುವ ಹೋಲಿಕೆ ಇವರ ಮನಸ್ಸನ್ನು ಹಿಡಿಯಿತು. ಕುಂಚದಿಂದ ಎಳೆದರೆ ಗೆರೆ ಅತಿ ಹದವಾಗಿ ಬರುವುದೆಂದು, ಕಾಗದದ ಮೇಲೆ ಮಸಿಯನ್ನಿಟ್ಟು ಉಸಿರಿನಿಂದ ಊದಿ ಹರಿಯಬಿಡುವರು. ನರಕೋಶದ ಕೊಂಬೆಗಳು ಕವಲೊಡೆಯುವಂತೆಯೇ ಮಸಿಯೂ ತನ್ನ ಮನಬಂದಂತೆ ಕವಲೊಡೆಯುವುದು. ಇವರೂ ಭೌತಶಾಸ್ತ್ರ ಬಲ್ಲ ಬ್ರಯನ್ ಎಡ್ವರ್ಡ್ಸರೂ ಕೂಡಿ ಮಾಡಿದ ಒಂದು ದೊಡ್ಡ ಕೃತಿಯನ್ನು 2016ರಲ್ಲಿ ಫಿಲಡೆಲ್ಫಿಯದ ಫ್ರಾಂಕ್ಲಿನ್ ಇನ್ಸ್ಟಿಟ್ಯೂಟಿನಲ್ಲಿ ಇಟ್ಟರು. ಎಂಟಡಿ ಎತ್ತರ, ಹನ್ನೆರಡಡಿ ಅಗಲ; ಮಿದುಳಿನ ಒಂದು ತೆಳುವಾದ ಹೋಳು; ಅದರಲ್ಲಿ ಸುಮಾರು 5 ಲಕ್ಷ ನರಕೋಶಗಳು; ಮೇಲೆ ಚಿನ್ನದ ರೇಕು. ಗೆರೆಗಳನ್ನು ಬಹು ಸೂಕ್ಷ್ಮವಾದ ಕೊರೆತಗಳಿಂದ ಮಾಡಿ, ಒಂದೊಂದು ಕೊರೆತವೂ ಬೆಳಕನ್ನು ಯಾವ ಕೋನದಲ್ಲಿ ಹಿಂದಿರುಗಿಸಬೇಕೆಂದು ಲೆಕ್ಕ ಹಾಕಿರುವುದರಿಂದ, ದೀಪಗಳು ಸರಿದಂತೆ ಹೊಳಪೂ ಕೋಶದಿಂದ ಕೋಶಕ್ಕೆ ಸರಿಯುವುದು. ಜರತಾರಿ ಸೀರೆಯ ಸೆರಗು ನಡೆದಾಗ ಮಿನುಗುವುದನ್ನು ಬಲ್ಲವರಿಗೆ ಇದರ ಮರ್ಮವನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಮಿದುಳಿನ ನಿಜವಾದ ಕೋಶಗಳಿಗೆ ಹೋಲಿಸಿದರೆ ಐದು ಲಕ್ಷವು ಏನೂ ಅಲ್ಲ. ಅಷ್ಟನ್ನು ಮಾಡುವುದಕ್ಕೇ ಎರಡು ವರ್ಷ ಹಿಡಿಯಿತು.

ನಮ್ಮ ಶಾಲೆಯ ಹೊಲಿಗೆಯ ತರಗತಿಯಲ್ಲಿ ಕುಳಿತವರಿಗೆ ಇನ್ನೂ ಹತ್ತಿರವಾದ ಕೃತಿಗಳು ಬೇರೆ ಇವೆ. ಆರೆಗಾನ್ ವಿಶ್ವವಿದ್ಯಾನಿಲಯದಲ್ಲಿ ಮಕ್ಕಳ ಮನಶ್ಶಾಸ್ತ್ರವನ್ನು ಬೋಧಿಸಿದ ಮಾರ್ಜೊರಿ ಟೇಲರ್ ಎಂಬುವರು ಮಿದುಳಿನ ಚಿತ್ರಗಳನ್ನು ನೋಡಿ ಕೌದಿಗಳನ್ನು ಹೊಲಿದಿರುವರು. ಯಂತ್ರವು ತೋರಿದ ಕೆಂಪುಹಳದಿ ಪ್ರದೇಶಗಳು ಬಟ್ಟೆಯ ತುಂಡುಗಳಾಗಿ, ಮಡಿಕೆಗಳು ಹೊಲಿಗೆಯ ಸಾಲುಗಳಾಗಿ ಬಂದಿವೆ. ಕೇರನ್ ನಾರ್ಬರ್ಗ್ ಎಂಬ ಮನೋವೈದ್ಯೆಯು ಹತ್ತಿಯ ನೂಲಿನಿಂದ ಇಡೀ ಮಿದುಳನ್ನೇ ಹೆಣೆದರು. ಅದಕ್ಕೆ ಒಂದು ವರ್ಷ ಬೇಕಾಯಿತು. ಹೀಗೆ ಹೆಣೆಯುವುದು ಮಿದುಳು ಬೆಳೆಯುವ ಕ್ರಮವನ್ನೇ ಬಹುಮಟ್ಟಿಗೆ ಅನುಸರಿಸಿತೆಂದು ಅವರು ಹೇಳಿರುವರು. 139ನೆಯ ಕೀರ್ತನೆಯನ್ನು ಬಾಯಿಪಾಠಮಾಡಿದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇಲ್ಲಿ ಅದರ ನೆನಪು ಬಾರದೆ ಇರದು.

ಇದನ್ನು ಬರಿಯ ವಿನೋದವೆಂದು ತಳ್ಳಿಬಿಡಬಾರದು. ಮಿದುಳಿನ ಹೊರಪದರವು ಎರಡರಿಂದ ನಾಲ್ಕು ಮಿಲಿಮೀಟರು ದಪ್ಪದ ಒಂದು ಹಾಳೆ. ಬಿಚ್ಚಿ ಹರಡಿದರೆ ಅದು ದಿಂಬಿನ ಚೀಲದ ಒಂದು ಮುಖದಷ್ಟು ಅಗಲವಾಗುವುದು. ಅಷ್ಟು ದೊಡ್ಡ ಬಟ್ಟೆಯನ್ನು ತಲೆಬುರುಡೆಯೊಳಗೆ ಅಡಗಿಸಬೇಕಾದರೆ ನಿರಿಗೆ ಹಿಡಿಯದೆ ಗತಿಯಿಲ್ಲ. ಹೊರಪದರದ ಮೂರರಲ್ಲಿ ಎರಡು ಪಾಲು ಮಡಿಕೆಗಳೊಳಗೇ ಮರೆಯಾಗಿದೆ. ಹೆಣಿಗೆಯಲ್ಲಿ ಸಾಲುಸಾಲಿಗೆ ಕಣ್ಣುಗಳನ್ನು ಹೆಚ್ಚಿಸುತ್ತ ಹೋದರೆ ಅಂಚು ತಾನಾಗಿಯೇ ಅಲೆಅಲೆಯಾಗಿ ಸುಕ್ಕುಗಟ್ಟುವುದನ್ನು ಹೆಣೆಯುವವರೆಲ್ಲರೂ ಕಂಡಿರುವರು. ಮಿದುಳೂ ಹಾಗೆಯೇ ಮಡಿಚಿಕೊಳ್ಳುವುದೆ? 2016ರಲ್ಲಿ ಹಾರ್ವರ್ಡಿನ ಎಲ್. ಮಹಾದೇವನ್ ಮತ್ತು ಅವರ ಜೊತೆಗಾರರು ಇದನ್ನು ಪರೀಕ್ಷಿಸಿದರು. ಗರ್ಭಸ್ಥ ಶಿಶುವಿನ, ಇನ್ನೂ ನುಣುಪಾಗಿರುವ ಮಿದುಳಿನ ಎಂ.ಆರ್.ಐ. ಚಿತ್ರದಿಂದ ಅಂಟುದ್ರವ್ಯದ ಪ್ರತಿಮೆಯೊಂದನ್ನು ಮಾಡಿ, ಅದರ ಮೇಲೆ ತೆಳುವಾದ ಪದರವನ್ನು ಲೇಪಿಸಿ ದ್ರಾವಣದಲ್ಲಿ ಮುಳುಗಿಸಿದರು. ಹೊರಪದರವು ದ್ರವವನ್ನು ಹೀರಿ ಉಬ್ಬಿತು. ಒಳಗಿನದು ಹಾಗೆಯೇ ಉಳಿಯಿತು. ನೋಡನೋಡುತ್ತಿದ್ದಂತೆ ಆ ಪ್ರತಿಮೆಯಲ್ಲಿ ನಿಜವಾದ ಮಿದುಳಿನದನ್ನು ಹೋಲುವ ಮಡಿಕೆಗಳು ಮೂಡಿದುವು. ಚಿತ್ರದಿಂದ ಮೂರ್ತಿ ಮಾಡಿದ ಈ ಕೆಲಸವನ್ನು ವಿಜ್ಞಾನವೆನ್ನಬೇಕೋ ಶಿಲ್ಪವೆನ್ನಬೇಕೋ ಹೇಳುವುದು ಕಷ್ಟ.

ಇನ್ನು, ಈ ಲೇಖನವನ್ನು ಬರೆಯಲು ಮುಖ್ಯ ಕಾರಣರಾದ ಮಹಿಳೆಯ ವಿಷಯಕ್ಕೆ ಬರುತ್ತೇನೆ. ಎಲಿಜಬೆತ್ ಜೇಮ್ಸನ್ ಎಂಬುವರು ಅಮೆರಿಕದ ಕಾಲಿಫೋರ್ನಿಯ ಸೀಮೆಯಲ್ಲಿ ವಕೀಲರಾಗಿದ್ದರು. ಅಂಗವೈಕಲ್ಯದಿಂದಲೂ ದೀರ್ಘರೋಗದಿಂದಲೂ ನರಳುವ ಮಕ್ಕಳ ಪಕ್ಷವಾಗಿ ವಾದಿಸುತ್ತಿದ್ದರು. 1991ರಲ್ಲಿ ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯಿದೆಯೆಂದು ತಿಳಿಯಿತು. ನರತಂತುಗಳ ಮೇಲೆ ಕೊಬ್ಬಿನ ಒಂದು ಹೊದಿಕೆಯಿರುವುದು. ವಿದ್ಯುತ್ತಿನ ತಂತಿಗೆ ರಬ್ಬರಿನ ಹೊದಿಕೆ ಹೇಗೋ ಹಾಗೆ. ರೋಗಗಳಿಂದ ನಮ್ಮನ್ನು ಕಾಯಬೇಕಾದ ದೇಹದ ಸೈನ್ಯವೇ ದಾರಿತಪ್ಪಿ ಆ ಹೊದಿಕೆಯನ್ನು ತಿನ್ನತೊಡಗಿದರೆ ಅದೇ ಈ ವ್ಯಾಧಿ. ಹೊದಿಕೆ ಸವೆದ ಕಡೆಗಳಲ್ಲಿ ಸಂದೇಶಗಳು ತಡೆದು ನಿಲ್ಲುವುವು; ಕಣ್ಣು, ಕೈ, ಕಾಲು, ಮಾತು, ಯಾವುದಕ್ಕೆ ಬೇಕಾದರೂ ಕುಂದು ಬರಬಹುದು. ಎಂ.ಆರ್.ಐ. ಹಾಳೆಯಲ್ಲಿ ಈ ಸ್ಥಳಗಳು ಬಿಳಿಯ ಚುಕ್ಕೆಗಳಾಗಿ ಕಾಣುವುವು. ಸ್ತ್ರೀಯರಲ್ಲಿ ಈ ರೋಗವು ಪುರುಷರಿಗಿಂತ ಹೆಚ್ಚು.

ರೋಗದ ಜೊತೆಗೆ ಬಂದುವು ಹಾಳೆಗಳ ಮೇಲೆ ಹಾಳೆಗಳು. ಆ ಕಪ್ಪುಬಿಳುಪು ಚಿತ್ರಗಳು ಜೇಮ್ಸನ್ನರಿಗೆ ವಿಕಾರವಾಗಿಯೂ ಭಯಂಕರವಾಗಿಯೂ ತೋರಿದುವು. ವಕೀಲಿಯನ್ನು ಬಿಡಬೇಕಾಗಿ ಬಂದಮೇಲೆ ಅವರು ಚಿತ್ರಕಲೆಯನ್ನು ಕಲಿತರು. ಆ ಹಾಳೆಗಳನ್ನೇ ತಮ್ಮ ವಸ್ತುವನ್ನಾಗಿ ತೆಗೆದುಕೊಂಡರು. ಮೊದಲಿಗೆ ರೇಷ್ಮೆಯ ಮೇಲೆ ಬಣ್ಣದಿಂದ ಬರೆದರು. ಮುಂದೆ ಸೂರ್ಯನ ಬೆಳಕಿನ ಸಹಾಯದಿಂದ ಅಚ್ಚು ತೆಗೆಯುವ ಒಂದು ವಿಧಾನವನ್ನು ಕೈಗೊಂಡರು. ಬೆಳಕು ತಾಗಿದರೆ ಗಟ್ಟಿಯಾಗುವ ಲೇಪವುಳ್ಳ ತಗಡಿನ ಮೇಲೆ, ಎಂ.ಆರ್.ಐ. ಚಿತ್ರವಿರುವ ಪಾರದರ್ಶಕ ಹಾಳೆಯನ್ನು ಹರಡಿ ಬಿಸಿಲಿಗೆ ಇಡುವರು. ಚಿತ್ರದ ಕಪ್ಪು ಭಾಗದ ಅಡಿಯಲ್ಲಿ ಬೆಳಕು ತಾಗದುದರಿಂದ ಅಲ್ಲಿಯ ಲೇಪವು ಮೆತ್ತಗೆ ಉಳಿದು, ನೀರಿನಲ್ಲಿ ತೊಳೆದಾಗ ಕರಗಿಹೋಗಿ ತಗ್ಗಾಗುವುದು. ಆ ತಗ್ಗುಗಳಿಗೆ ಮಸಿ ತುಂಬಿ, ಮೇಲಿನದನ್ನು ಒರಸಿ, ಒದ್ದೆ ಕಾಗದವನ್ನು ಹರಡಿ ಯಂತ್ರದಲ್ಲಿ ಒತ್ತಿದರೆ ಅಚ್ಚು ಮೂಡುವುದು. ಮಿದುಳಿನ ಗೆರೆಗಳು ಎಳ್ಳಷ್ಟೂ ಬದಲಾಗುವುದಿಲ್ಲ. ಮಸಿಯ ಬಣ್ಣ ಯಾವುದೆಂಬುದು ಮಾತ್ರ ಅವರ ಇಷ್ಟ. ಬೂದಿಯ ಸ್ಥಳದಲ್ಲಿ ನೀಲಿ, ಕಿತ್ತಳೆ, ನೇರಿಳೆ. ಆದರೆ ರೋಗದ ಗುರುತುಗಳನ್ನು ಅವರು ಮುಚ್ಚಿಡಲಿಲ್ಲ.

ಇದನ್ನು ಕಣ್ಣೊರಸುವ ಕೆಲಸವೆಂದು ಹೇಳುವವರಿರಬಹುದು: ರೋಗವು ರೋಗವೇ, ಬಣ್ಣ ಹಚ್ಚಿದ ಮಾತ್ರಕ್ಕೆ ಏನಾಯಿತು ಎಂದು. ಏನಾಯಿತೆಂದರೆ, ವೈದ್ಯರು ಮಾತ್ರ ಓದಬಲ್ಲ ಹಾಳೆಯನ್ನು ಅದರ ಒಡತಿಯೂ ಓದುವಂತಾಯಿತು. ಬೂದುಬಣ್ಣವೂ ಮನುಷ್ಯರೇ ಆರಿಸಿದ ಬಣ್ಣವೆಂದು ನಾವು ಹಿಂದೆಯೇ ಕಂಡೆವಷ್ಟೆ. ವೈದ್ಯರು ತಮ್ಮ ಕೆಲಸಕ್ಕೆ ತಕ್ಕ ಬಣ್ಣವನ್ನು ಆರಿಸಿಕೊಂಡರು, ಅದು ನ್ಯಾಯವೇ. ಯಾರ ತಲೆಯೊಳಗಿನ ಚಿತ್ರವೋ ಅವರು ತಮ್ಮ ಬಾಳಿಗೆ ತಕ್ಕ ಬಣ್ಣವನ್ನು ಆರಿಸಿಕೊಂಡರೆ ಶಾಸ್ತ್ರಕ್ಕೆ ಯಾವ ಅಪಚಾರವೂ ಆಗದು. ವ್ಯಾಧಿಯು ಮುಂದುವರಿದು ಜೇಮ್ಸನ್ನರ ಕೈಕಾಲುಗಳು ಸ್ವಾಧೀನ ತಪ್ಪಿದುವು. ಕುಂಚ ಹಿಡಿಯುವುದಾಗಲಿ ಮಕ್ಕಳನ್ನು ತಬ್ಬುವುದಾಗಲಿ ಆಗದಂತಾಯಿತು. ಆಮೇಲೂ ಬೇರೆಯವರ ಕೈಗಳ ನೆರವಿನಿಂದ ಅವರು ಕೃತಿರಚನೆಯನ್ನು ಮುಂದುವರಿಸಿದರು. ಸ್ಪರ್ಶವನ್ನು ಕಳೆದುಕೊಂಡ ಬಾಳಿನ ವಿಷಯವಾಗಿ 2017ರಲ್ಲಿ ನ್ಯೂಯಾರ್ಕಿನ ಹೆಸರಾಂತ ಪತ್ರಿಕೆಯೊಂದರಲ್ಲಿ ಅವರು ಬರೆದ ಲೇಖನವು ಬಹುಜನರ ಮನಸ್ಸನ್ನು ತಟ್ಟಿತು.

ಇಂಗ್ಲೆಂಡಿನ ಚಿತ್ರಕರ್ತೃ ಸೂಸನ್ ಆಲ್ಡ್‌ವರ್ತರೂ ಈ ದಾರಿಗೆ ಬಂದುದು ರೋಗಿಯಾಗಿಯೇ. 1999ರಲ್ಲಿ ಮಿದುಳಿನಲ್ಲಿ ರಕ್ತಸ್ರಾವವಾಗಿರಬಹುದೆಂಬ ಸಂಶಯದಿಂದ ಅವರನ್ನು ಪರೀಕ್ಷಿಸುತ್ತಿದ್ದಾಗ, ತಮ್ಮ ಮಿದುಳಿನ ರಕ್ತನಾಳಗಳೊಳಗೆ ಔಷಧವು ಹರಿಯುವುದನ್ನು ಅವರು ಎಚ್ಚರವಾಗಿದ್ದುಕೊಂಡೇ ಪರದೆಯ ಮೇಲೆ ಕಂಡರು. ನೋಡುತ್ತಿರುವುದೂ ಮಿದುಳು, ಕಾಣುತ್ತಿರುವುದೂ ಮಿದುಳು! ಮುಂದೆ ಅವರ ಕೃತಿಗಳೆಲ್ಲ ಈ ಬೆರಗಿನಿಂದಲೇ ಹುಟ್ಟಿದುವು. 2013ರಲ್ಲಿ ಅವರು, ಮರಣಾನಂತರ ಸಂಶೋಧನೆಗಾಗಿ ದಾನವಾಗಿ ಬಂದ ಮಿದುಳಿನ ಹೋಳುಗಳನ್ನು ತಗಡುಗಳಿಗೆ ತಾಗಿಸಿ, ಅವುಗಳ ಗುರುತಿನಿಂದಲೇ ಅಚ್ಚುಗಳನ್ನು ತೆಗೆದರು. ಇಂಥ ಕೆಲಸದಲ್ಲಿ ಒಪ್ಪಿಗೆಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಕೂಡದು.

ಒಪ್ಪಿಗೆಯ ಮಾತು ಮಿದುಳಿನ ಚಿತ್ರಕ್ಕೂ ಅನ್ವಯಿಸುವುದು. ತಾಯಿತಂದೆಗಳು ಇದನ್ನು ಚೆನ್ನಾಗಿ ತಿಳಿದಿರಬೇಕು. ತಲೆಯ ಎಂ.ಆರ್.ಐ.ಯಲ್ಲಿ ಮಿದುಳು ಮಾತ್ರವೇ ಅಲ್ಲದೆ ಮೂಗು, ತುಟಿ, ಗಲ್ಲಗಳ ಅಂಕೆಗಳೂ ಅಡಗಿರುತ್ತವೆ. 2019ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಸಂಶೋಧಕರು 84 ಮಂದಿ ಸ್ವಯಂಸೇವಕರ ಚಿತ್ರಗಳಿಂದ ಮುಖಗಳನ್ನು ಮರಳಿ ಕಟ್ಟಿ, ಮುಖ ಗುರುತಿಸುವ ಯಂತ್ರಕ್ಕೆ ಅವರ ಭಾವಚಿತ್ರಗಳೊಡನೆ ಹೋಲಿಸಲು ಕೊಟ್ಟರು. 70 ಮಂದಿಯನ್ನು ಅದು ಸರಿಯಾಗಿ ಗುರುತಿಸಿತು. ಹೆಸರನ್ನು ಅಳಿಸಿದರೂ ಚಿತ್ರವು ಆ ವ್ಯಕ್ತಿಯದೇ. ಆದಕಾರಣ ಚಿತ್ರಗಳನ್ನು ಹಂಚಿಕೊಳ್ಳುವ ಮೊದಲು ಮುಖದ ಭಾಗವನ್ನು ಅಳಿಸುವ ಪದ್ಧತಿ ಸಂಶೋಧಕರಲ್ಲಿ ಬಂದಿದೆ. ಮಗಳ ಅಥವಾ ತಾಯಿಯ ಚಿತ್ರವನ್ನು ಯಾರಾದರೂ ಪಾಠಕ್ಕಾಗಲಿ ಪ್ರದರ್ಶನಕ್ಕಾಗಲಿ ಕೇಳಿದರೆ, ಮುಖ ಅಳಿಸಿದ್ದಾರೆಯೇ ಎಂದು ಕೇಳುವುದು ಅವಿನಯವಲ್ಲ.

ತಮ್ಮ ಚಿತ್ರವನ್ನು ತಾವೇ ಪಡೆಯುವುದೂ ನಮ್ಮ ದೇಶದಲ್ಲಿ ಕಷ್ಟವಲ್ಲ. ರೋಗಿಯಾಗಲಿ ಅವರು ಅಧಿಕಾರ ಕೊಟ್ಟವರಾಗಲಿ ಕೇಳಿದರೆ ವೈದ್ಯಕೀಯ ದಾಖಲೆಗಳನ್ನು 72 ಗಂಟೆಗಳೊಳಗಾಗಿ ಕೊಡತಕ್ಕದ್ದೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಲ್ಲಿದೆ. ಕರಿಯ ಹಾಳೆಯಲ್ಲಿ ಆಯ್ದ ಹೋಳುಗಳಷ್ಟೇ ಇರುವುವು; ಎಲ್ಲ ಹೋಳುಗಳೂ ಬೇಕಾದರೆ ಗಣಕಯಂತ್ರದಲ್ಲಿ ನೋಡತಕ್ಕ ಬಿಲ್ಲೆಯನ್ನು ಕೇಳಿ ಪಡೆಯಬೇಕು. ಚಿತ್ರ ಬರೆಯುವ ಹುಡುಗಿಯರಿಗೆ ಒಂದು ಮಾತು: ಬೇರೊಬ್ಬರ ಹಾಳೆಯನ್ನು, ಅವರು ಮನೆಯವರೇ ಆದರೂ, ಕೇಳದೆ ತೆಗೆಯಬೇಡಿರಿ. ನಿಜವಾದ ಮಿದುಳನ್ನೇ ನೋಡಬೇಕೆನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಿದುಳಿನ ಸಂಗ್ರಹಾಲಯವುಂಟು. ಅಲ್ಲಿಯ ಮಿದುಳುಗಳು ಸತ್ತವರ ಮನೆಯವರು ದುಃಖದ ಹೊತ್ತಿನಲ್ಲಿ ಒಪ್ಪಿ ಕೊಟ್ಟವುಗಳು. ಬಂದವರ ಕೈಗೆ ಮಿದುಳನ್ನು ಕೊಟ್ಟು ತೋರಿಸುವುದೂ ಉಂಟು. ಹೋಗುವಾಗ ಒಂದು ಸೀಸದ ಕಡ್ಡಿಯನ್ನೂ ನಾಲ್ಕು ಬಿಳಿಯ ಹಾಳೆಗಳನ್ನೂ ಚೀಲದಲ್ಲಿ ಇಟ್ಟುಕೊಂಡು, ಬರೆಯಬಹುದೇ ಎಂದು ಅಲ್ಲಿಯವರನ್ನು ಮೊದಲು ಕೇಳಿರಿ.